ಎರೆಭೂತ ಹಾರಿದ ದಿಕ್ಕು

ಆ ಹಕ್ಕಿಯನ್ನು ಓಡಿಸಿದವಳು ನಾನು. ಡಬ್ಬಿ ಬಡಿದು, ಬೇಕೆಂದೇ ಓಡಿಸಿದೆ. ನನ್ನ ತಮ್ಮ ಬಸವರಾಜನನ್ನು ಸುಳ್ಳುಗಾರನೆಂದು ಊರು ನಕ್ಕಿತು. ಅವನು ಸುಳ್ಳು ಹೇಳಿರಲಿಲ್ಲ. ಇಷ್ಟನ್ನು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ಓದಿದ್ದು ನಾಲ್ಕನೆಯ ಇಯತ್ತೆ. ಅಕ್ಷರ ಓರೆಯಾದರೂ ಆಗಲಿ, ಇದನ್ನು ಇನ್ನೊಬ್ಬರ ಕೈಯಿಂದ ಬರೆಸಬಾರದು ಅನಿಸಿತು.

ನಮ್ಮೂರು ರಾಣೆಬೆನ್ನೂರಿನ ಅಭಯಾರಣ್ಯದ ಅಂಚಿಗಿದೆ. ಬೋರ್ಡಿನ ಮೇಲೆ ಕೃಷ್ಣಮೃಗ ಎಂದಿದೆ; ನಮಗೆ ಅವು ಚಿಗರಿ. ಬಸು ಅಲ್ಲಿ ದಿನಗೂಲಿ ಕಾವಲುಗಾರನಾಗಿದ್ದ. ನಾನು ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆ ಹೊಡೆದುಕೊಂಡು ತವರಿಗೆ ಬಂದವಳು. ತಮ್ಮನ ಮನೆಯಲ್ಲಿ ತಲೆಯೆತ್ತಿ ಉಣ್ಣಲು ಆ ಎಮ್ಮೆಯ ಹಾಲೇ ನನಗೆ ಧೈರ್ಯ. ಅದರ ಹೊಟ್ಟೆ ತುಂಬುತ್ತಿದ್ದದ್ದು ಕಾಡಿನೊಳಗಿನ ಹುಲ್ಲಿನಿಂದ. ಒಳಗೆ ಹುಲ್ಲು ಕೊಯ್ಯಬಾರದೆಂಬ ನಿಯಮವಿತ್ತು. ನಾವು ಏಳೆಂಟು ಹೆಂಗಸರು ನಸುಕಿನಲ್ಲೇ ಕೊಯ್ದು ತರುತ್ತಿದ್ದೆವು. ಬಸು ಆಗ ಬೇರೆ ಕಡೆ ಮುಖ ತಿರುಗಿಸುತ್ತಿದ್ದ — ನನಗಾಗಿ.

ಮಹಾನವಮಿಗೆ ಇನ್ನೂ ಹದಿನೈದು ದಿನವಿತ್ತು. ಮಳೆ ಹಿಂದೆ ಸರಿದು ಹುಲ್ಲು ತೆನೆ ಬಿಟ್ಟಿತ್ತು. ಒಂದು ಬೆಳಿಗ್ಗೆ ಬಸು ನನ್ನ ಕೈಯಿಂದ ಕುಡಗೋಲು ಕಸಿದುಕೊಂಡು, "ಅಕ್ಕಾ, ಉಸಿರ ಬಿಡಬ್ಯಾಡ, ಬಾ" ಎಂದ. ಹುಲ್ಲಿನಲ್ಲಿ ಬೋರಲು ಮಲಗಿಸಿ, ಅರಣ್ಯ ಇಲಾಖೆಯ ಸಾಹೇಬರು ಕೊಟ್ಟಿದ್ದ ದುರ್ಬೀನನ್ನು ನನ್ನ ಕಣ್ಣಿಗೆ ಹಿಡಿದ. ಮೊದಲು ಬರೀ ಮಂಜು. ಆಮೇಲೆ ಕಂಡಿತು. ನನ್ನ ಸೊಂಟದೆತ್ತರದ ಹಕ್ಕಿ. ಬಿಳಿಯ ಕೊರಳು, ತಲೆಯ ಮೇಲೆ ಕರಿ ಟೊಪ್ಪಿಗೆಯಂಥದು. ಪಂಚಾಯ್ತಿ ಕಟ್ಟೆಗೆ ಹೊರಟ ಹಿರಿಯರ ಹಾಗೆ, ಯಾವ ಅವಸರವೂ ಇಲ್ಲದೆ ಹೆಜ್ಜೆ ಇಡುತ್ತಿತ್ತು.

"ಎರೆಭೂತ," ಎಂದ ಬಸು. "ಅಪ್ಪ ಹೇಳತಿದ್ನಲ್ಲ, ಎರಿ ಹೊಲದಾಗ ನಿಂದರ್ತಿತ್ತಂತ. ಈಗ ಎಲ್ಲೂ ಇಲ್ಲ ಅಂತಾರ. ಮೂರ ದಿನಾತು, ಇಲ್ಲೇ ಐತಿ."

ಅವನ ಮುಖದಲ್ಲಿ ಅಂಥ ಬೆಳಕನ್ನು ಅವನ ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಅದೇ ದಿನ ಅವನು ಸಾಹೇಬರಿಗೆ ಹೇಳಿದ. ಅವರು ಮರುದಿನ ಬೆಳಿಗ್ಗೆ ಬಂದು ನೋಡುತ್ತೇನೆ ಎಂದರು. ಸುದ್ದಿ ಊರಿಗೆ ಬರಲು ಎಷ್ಟು ಹೊತ್ತು? ಸಂಜೆ ಬೋರಿನ ಹತ್ತಿರ, ನಮ್ಮ ಜೊತೆ ಹುಲ್ಲಿಗೆ ಬರುವ ನೀಲವ್ವ ಕೊಡ ಇಳಿಸಿ ನನ್ನನ್ನೇ ನೋಡಿದಳು.

"ಗಂಗವ್ವಾ, ನಿನ್ನ ತಮ್ಮ ಹಕ್ಕಿ ಕಂಡಾನಂತ. ಹಕ್ಕಿ ಸಲುವಾಗಿ ಕಾಡಿಗೆ ತಂತಿಬೇಲಿ ಹಾಕ್ತಾರ. ನಮ್ಮ ಎಮ್ಮಿಗೆ ಏನ ಹಾಕೂದು, ಅವನ ದುರ್ಬೀನ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಇಳಿದು ಕೂತಿತು. ನೀಲವ್ವ ನನ್ನನ್ನು ಹೋಗು ಎನ್ನಲಿಲ್ಲ, ಯಾರೂ ಎನ್ನಲಿಲ್ಲ. ನಾನೇ — ಮರುದಿನ ಕೋಳಿ ಕೂಗುವ ಮುಂಚೆ ಎದ್ದು ಎಣ್ಣೆಯ ಖಾಲಿ ಡಬ್ಬಿ, ಒಂದು ಕೋಲು ತೆಗೆದುಕೊಂಡು ಹೊರಟೆ. ಗೋವಿನಜೋಳಕ್ಕೆ ಬಿದ್ದ ಚಿಗರಿಯನ್ನು ನಾವೆಲ್ಲ ಹಾಗೆಯೇ ಓಡಿಸುವುದು. ಆ ಸದ್ದು ಯಾರಿಗೂ ಹೊಸದಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಡಬ್ಬಿ ತೆಗೆದುಕೊಂಡೆ.

ಹಕ್ಕಿ ಅದೇ ಜಾಗದಲ್ಲಿತ್ತು. ನಾನು ಡಬ್ಬಿ ಬಡಿದೆ. ಅದು ಓಡಲಿಲ್ಲ. ಕೊರಳೆತ್ತಿ ನನ್ನ ಕಡೆ ನೋಡಿತು — ಮತ್ತೆ ಬಡಿದೆ, ಕೂಗುತ್ತ ಮುಂದೆ ಮುಂದೆ ಹೋದೆ. ಆಗ ನಾಲ್ಕು ಹೆಜ್ಜೆ ಓಡಿ, ಆ ದೊಡ್ಡ ರೆಕ್ಕೆಗಳನ್ನು ಕಷ್ಟಪಟ್ಟು ಬಿಚ್ಚಿ ಎದ್ದಿತು. ಕಣ್ಣಿಗೆ ಮರೆಯಾಗುವವರೆಗೂ ನೋಡುತ್ತ ನಿಂತೆ. ಕೈ ಆಗಲೂ ಬಡಿಯುತ್ತಲೇ ಇತ್ತು.

ಬಿಸಿಲೇರುವವರೆಗೆ ಸಾಹೇಬರು ಕಾದರು. ಏನೂ ಬರಲಿಲ್ಲ. ಊರ ಮುಂದಿನ ಚಾದ ಅಂಗಡಿಯ ಹತ್ತಿರ ಜೀಪು ನಿಲ್ಲಿಸಿ, ಕೊಕ್ಕರೆಯನ್ನೋ ಮತ್ತೇನನ್ನೋ ನೋಡಿರಬೇಕು ಎಂದರು. ಬಸು ನೆಟ್ಟಗೆ ನಿಂತು ಹೇಳಿದ: "ನಮ್ಮ ಅಕ್ಕನ್ನ ಕೇಳ್ರಿ ಸಾಹೇಬ್ರ. ಆಕಿನೂ ನೋಡ್ಯಾಳ. ಆಕಿ ಸುಳ್ಳ ಹೇಳಾಕಿ ಅಲ್ಲ."

ಹುಲ್ಲು ಕೊಯ್ಯುವ ಹೆಂಗಸರೆಲ್ಲ ಅಲ್ಲೇ ಇದ್ದರು. ನಾನೆಂದೆ: "ನಾ ಏನೂ ನೋಡಿಲ್ಲರಿ. ನಾ ಮನ್ಯಾಗ ಇದ್ದೆ."

ಅಷ್ಟೇ ಮಾತು. ಅಂಗಡಿಯವನು ಆ ಗಳಿಗೆಯಲ್ಲೇ ಶುರು ಮಾಡಿದ: "ಬಸ್ಯಾ, ನಿನ್ನ ಭೂತಕ್ಕೂ ಒಂದ ಚಾ ಹೇಳ್ಲೇನ?" ಅದು ಇವತ್ತಿಗೂ ನಿಂತಿಲ್ಲ.

ಇಲ್ಲಿಗೆ ಮುಗಿದಿದ್ದರೆ ಬಹುಶಃ ನಾನು ಇದನ್ನು ಬರೆಯುತ್ತಿರಲಿಲ್ಲ. ಬಸು ಮನೆಗೆ ಬಂದು ಮುಖ ತೊಳೆದುಕೊಂಡ. ಒಲೆಯ ಪಕ್ಕ ಡಬ್ಬಿ ಇತ್ತು. ಅದರ ತಳದಲ್ಲಿ ಹೊಸ ತಗ್ಗುಗಳು. ಆ ವರ್ಷ ನಾವು ಬೇಗ ಬಿತ್ತಿದ್ದೆವು; ಗೋವಿನಜೋಳ ಮುರಿದು ಎಂಟು ದಿನವಾಗಿತ್ತು. ಕಾಯಲು ಹೊಲದಲ್ಲಿ ಒಂದು ತೆನೆಯೂ ಇರಲಿಲ್ಲ. ಅವನು ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ. ಬೈಯಲಿಲ್ಲ. ಯಾಕೆ ಎಂದೂ ಕೇಳಲಿಲ್ಲ.

"ಎತ್ತಾಗ ಹೋತು, ಅಕ್ಕಾ?"

ಅವನಿಗೆ ಬೇಕಾದದ್ದು ಅದೊಂದೇ. ನಾನು ಸುಳ್ಳಾಡಿದ ಮೇಲೂ, ಇದೊಂದನ್ನಾದರೂ ಖರೇ ಹೇಳುತ್ತಾಳೆ ಎಂದು ನಂಬಿ ಕೇಳಿದ. ನಾನು — ಅವನು ಮತ್ತೆ ಅದನ್ನು ಕಂಡರೆ, ಸಾಹೇಬರನ್ನು ಮತ್ತೆ ಕರೆತಂದರೆ, ಎಂದೆಣಿಸಿ — "ಹೊಳಿ ಕಡೆ" ಎಂದೆ.

ಅಂದಿನಿಂದ ದೀಪಾವಳಿಯವರೆಗೆ ಅವನು ಸೈಕಲ್ಲು ತುಳಿದ. ತುಂಗಭದ್ರೆಯ ದಂಡೆ, ಕುಮಾರಪಟ್ಟಣದ ಆಚೀಚಿನ ಹೊಲಗಳು. ರಜೆಯ ದಿನವೂ ಹೋದ, ಜ್ವರ ಬಂದಾಗಲೂ ಹೋದ. ಸಂಜೆ ಬಂದು ನನ್ನ ಮುಂದೆಯೇ ಉಣ್ಣಲು ಕೂಡುತ್ತಿದ್ದ. ನಾನು ರೊಟ್ಟಿ ಬಡಿದು ಹಾಕುತ್ತಿದ್ದೆ. ಒಂದು ದಿನವಾದರೂ ಬಾಯಿ ಬಿಡಬಹುದಿತ್ತು. ಅಷ್ಟು ಸಂಜೆಗಳಲ್ಲಿ ಒಂದು ಸಂಜೆ...

ದೀಪಾವಳಿಯ ಮರುದಿನ ದುರ್ಬೀನನ್ನು ಸಾಹೇಬರಿಗೆ ಮರಳಿಸಿ ಬ್ಯಾಡಗಿಗೆ ಹೋದ. ಈಗ ಅಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಾನೆ. ಊರಿಗೆ ಬಂದರೂ ಕಾಡಿನ ಕಡೆ ಮುಖ ಮಾಡುವುದಿಲ್ಲ. ಎಮ್ಮೆ ಸತ್ತು ಐದು ವರ್ಷವಾಯಿತು. ಬೇಲಿ ಇವತ್ತಿಗೂ ಬಂದಿಲ್ಲ.

ಮಳೆ ಹಿಂದೆ ಸರಿದು ಹುಲ್ಲು ತೆನೆ ಬಿಟ್ಟಾಗ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನಸುಕಿನಲ್ಲಿ ಎದ್ದು ಅದೇ ಜಾಗಕ್ಕೆ ಹೋಗಿ ನಿಲ್ಲುತ್ತೇನೆ. ಚಿಗರಿಗಳು ತಲೆಯೆತ್ತಿ ನೋಡಿ ಮತ್ತೆ ಮೇಯುತ್ತವೆ. ನಾನು ಅವುಗಳ ಆಚೆ ನೋಡುತ್ತೇನೆ. ಯಾರಾದರೂ ದೂರದಲ್ಲಿ ಡಬ್ಬಿ ಬಡಿದರೆ ತಲೆಯೆತ್ತಿ ಆಕಾಶ ನೋಡುತ್ತೇನೆ.

ಈ ಕಾಗದವನ್ನು ಮೊದಲು ಚಾದ ಅಂಗಡಿಯ ಮುಂದೆ, ನಾನು ಸುಳ್ಳಾಡಿದ ಜಾಗದಲ್ಲೇ ನಿಂತು ಓದುತ್ತೇನೆ. ನೀಲವ್ವನೂ ಕೇಳಲಿ. ಆಮೇಲೆ ಬ್ಯಾಡಗಿಯ ಬಸ್ಸು ಹತ್ತುತ್ತೇನೆ. ಅವನು ಮಾತಾಡದಿದ್ದರೂ ಸರಿ, ಎದ್ದು ಹೋದರೂ ಸರಿ. ಅವನು ಕೇಳಿದ್ದಕ್ಕೆ ಉತ್ತರ ನನ್ನ ಹತ್ತಿರ ಉಳಿದಿದೆ.

ಬಸು, ಅದು ಹೊಳೆಯ ಕಡೆ ಹೋಗಲಿಲ್ಲ. ಕೆಳಗೆ, ತೀರಾ ಕೆಳಗೆ, ಮೈಭಾರದಿಂದ ಹಾರುತ್ತ ಪಡುವಣಕ್ಕೆ ಹೋಯಿತು — ನೀನು ಈಗಿರುವ ಕಡೆಗೇ.