ಅರ್ಧ ಹೊಲಿದ ಇಂಗ್ಲಿಷು

ನನಗೆ ಇಂಗ್ಲಿಷು ಬರುವುದಿಲ್ಲ. ಆದರೆ ಇಂಗ್ಲಿಷಿನಿಂದ ನನಗೆ ಬಂದಷ್ಟು ತಲೆನೋವು ಆದವಾನಿಯ ವಕೀಲರಿಗೂ ಬಂದಿರಲಿಕ್ಕಿಲ್ಲ. ಯುದ್ಧ ನಡೆಯುತ್ತಿದೆ, ಕಾಗದ ಸಿಗದು. ಬರೆದು ಕಲಿಯಬೇಕಾದದ್ದನ್ನೆಲ್ಲ ಮೊಮ್ಮಗಳು ನೀಲಿ ಕೂಗಿ ಕಲಿಯುತ್ತಾಳೆ. ಪಕ್ಕದಲ್ಲಿ ನಾನು ಕೌದಿ ಹೊಲಿಯುತ್ತಿರುತ್ತೇನೆ. ಎದ್ದು ಹೋಗೋಣವೆಂದರೆ ಮೊಣಕಾಲು ಒಪ್ಪುವುದಿಲ್ಲ.

ಲುಕ್ ಅಟ್ ಎಂದರೆ ನೋಡು. ಲುಕ್ ಫಾರ್ ಎಂದರೆ ಹುಡುಕು. ಲುಕ್ ಆಫ್ಟರ್ ಎಂದರೆ ಸಾಕಿ ಸಲಹು. ಒಂದೇ ಮಾತು, ಹಿಂದೆ ಒಂದು ಚೂರು ಬದಲಿಸಿದರೆ ಬೇರೆ ಕೆಲಸ. ಕೌದಿಗೆ ಯಾವ ಸೀರೆಯ ಚೂರು ಹಚ್ಚಿದರೂ ಅದು ಕೌದಿಯೇ. ಇವರದು ಹಾಗಲ್ಲ. ಗೆಟ್ ಅಪ್ ಎಂದರೆ ಏಳು, ಗೆಟ್ ಓವರ್ ಎಂದರೆ ಚೇತರಿಸಿಕೋ. ಇಬ್ಬರು ಮಕ್ಕಳನ್ನು ಮಣ್ಣಿಗಿಟ್ಟವಳು ನಾನು. ಅದು ಅಷ್ಟು ಚಿಕ್ಕ ಮಾತಿನಲ್ಲಿ ಮುಗಿಯುತ್ತದೆಂದು ನಂಬಲಿಲ್ಲ.

"ಎಂಥಾ ಭಾಷೆನೇ ಇದು?" ಎಂದೆ.

"ನಮ್ದೇನು ಕಮ್ಮಿ? ಕಾಕಿಗೆ ನೀನು 'ನಿನ್ನ ನೋಡ್ಕೊಂತೀನಿ' ಅಂದಿದ್ದಕ್ಕ ಆಕಿ ತವರಿಗೆ ಓಡಿಹೋದ್ಲು. ಬರೇ ನೋಡೋದಕ್ಕ ಯಾರು ಓಡ್ತಾರ ಅಜ್ಜಿ?"

ನಾನು ಸೂಜಿಯ ಕಡೆ ನೋಡಿದೆ.

ಹೋದ ತಿಂಗಳು ಆಲೂರಿನವರು ನೀಲಿಯನ್ನು ನೋಡಲು ಬಂದರು. ಪರೀಕ್ಷೆ ಪಾಸು ಮಾಡಿ ಬಳ್ಳಾರಿಗೆ ಹೋಗಿ ಟೀಚರಾಗಬೇಕೆಂಬುದು ಅವಳ ಆಸೆ. ಲಗ್ನವಾದರೆ ಪುಸ್ತಕ ಕಟ್ಟಿಡಬೇಕು. ನನ್ನ ಮಗ, ಅಂದರೆ ಅವಳಪ್ಪ, ತಲೆಯಾಡಿಸಲು ತಯಾರಾಗಿಯೇ ಕೂತಿದ್ದ.

ನಮ್ಮ ಮನೆಗಳಲ್ಲಿ ಒಂದು ರೂಢಿ. ಹುಡುಗಿ ಹಿಡಿದ ಕೌದಿ ಅರ್ಧಕ್ಕೆ ನಿಂತಿದ್ದರೆ ಅವಳನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಕಳಿಸಿದರೆ ಆ ಮನೆಯಲ್ಲೂ ಹಿಡಿದ ಕೆಲಸ ಅರ್ಧಕ್ಕೆ ನಿಲ್ಲುತ್ತದಂತೆ. ಗಂಡಿನ ತಾಯಿ ಅದನ್ನೇ ಕೇಳಿದಳು.

"ಹುಡುಗಿ ಕೌದಿ ಮುಗಿಸ್ಯಾಳೇನ್ರಿ?"

"ಕೌದಿ ಮುಗಿಸ್ಯಾಳ್ರಿ. ಇಂಗ್ಲಿಷು ಅರ್ಧ ಆಗೈತಿ," ಎಂದೆ ನಾನು.

"ಅದಕ್ಕೂ ಇದಕ್ಕೂ ಏನ್ ಸಂಬಂಧರೀ ಅಮ್ಮಾ?"

"ಅದೂ ಹಿಡಿದ ಕೆಲಸ ಅಲ್ಲೇನ್ರಿ? ನಾಳೆ ನಿಮ್ಮನಿ ಕೆಲಸ ನಿಂತ್ರ ನನ್ನ ಬೈಬ್ಯಾಡ್ರಿ."

ಆಕೆ ಗಂಡನ ಮುಖ ನೋಡಿದಳು. ಅವರು ಆಲೂರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಗೋಡೆ ಎದ್ದಿತ್ತು, ಮಾಳಿಗೆ ಹಾಕಿರಲಿಲ್ಲ.

"ಇನ್ನ ಎಷ್ಟು ಉಳಿದೈತ್ರಿ?"

ನೀಲಿಗೆ ಕಣ್ಸನ್ನೆ ಮಾಡಿದೆ. ತಲೆ ತಗ್ಗಿಸಿಕೊಂಡೇ ಗೆಟ್ ಅಪ್, ಗೆಟ್ ಓವರ್ ಎಂದು ಶುರು ಮಾಡಿದಳು. ಅವರು ಮಂಡಕ್ಕಿ ತಿಂದು ಮುಗಿಸಿದರು, ಗೆಟ್ ಮುಗಿಯಲಿಲ್ಲ.

"ಎಲ್ಲಾ ಮುಗಿದ ಮ್ಯಾಲೆ ಹೇಳಿ ಕಳಿಸ್ರಿ," ಎಂದು ಎದ್ದರು.

ಮಗ ಎರಡು ದಿನ ನನ್ನ ಮೇಲೆ ಸಿಡಿಮಿಡಿಗೊಂಡು ತಿರುಗಿದ. ತಲೆನೋವು ಹಾಗೇ ಇದೆ, ಈಗ ದೂರುವಂತೆಯೂ ಇಲ್ಲ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ನಿನ್ನೆ ನೀಲಿ ಪುಸ್ತಕ ಮುಚ್ಚಿ ಕೂಗಿದಳು: "ಅಜ್ಜಿ, ಎಲ್ಲಾ ಮುಗೀತು!"

"ಮೆಲ್ಲಕ! ನಿಮ್ಮಪ್ಪ ಹೊರಗದಾನ. ಮೊದಲಿಂದ ಹಿಡಿ."

ಲುಕ್ ಅಟ್ ಶುರುವಾಯಿತು. ನಾನು ಸೂಜಿಗೆ ಹೊಸ ದಾರ ಪೋಣಿಸಿಕೊಂಡೆ.