ಮೂರನೆಯ ಸಲ ಕೇಳುವ ತನಕ

ಒಟೀಲಿಯಾ ಟೀಚರ್ ಬೆಳಿಗ್ಗೆ ಶಾಲೆಯ ಮೆಟ್ಟಿಲು ಹತ್ತುವಾಗ ನಡುವೆ ಎರಡು ಕಡೆ ಕೂರುತ್ತಿದ್ದರು. ಮೊದಲ ಸಲ ಕೂತಾಗ ಮಂಡಿ ನೀವಿಕೊಳ್ಳುತ್ತಿದ್ದರು. ಎರಡನೆಯ ಸಲ ಅದನ್ನೂ ಮಾಡದೆ ಸುಮ್ಮನೆ ಕೂರುತ್ತಿದ್ದರು. ಶಾಲೆಯ ಅಡುಗೆಕೋಣೆಯ ಕಿಟಕಿಯಿಂದ ನಾನು ದಿನಾ ನೋಡುತ್ತಿದ್ದೆ. ಆ ವರ್ಷ ಊರಸಭೆ ಶಾಲೆಯ ಅಡುಗೆಗೆ ನನ್ನ ಹೆಸರು ಕೂಗಿತ್ತು. ನಮ್ಮಲ್ಲಿ ಸಭೆ ಹೆಸರು ಕೂಗಿತೆಂದರೆ ಒಂದು ವರ್ಷ ಬಿಟ್ಟಿ ಚಾಕರಿ. ನನ್ನ ಗಂಡ ಹಿಂದಿನ ವರ್ಷ ಊರಿನ ನೀರಿನ ತೊಟ್ಟಿ ಕಾದಿದ್ದ. ನಾನು ಆ ವರ್ಷ ಕರಿ ಬೀನ್ಸ್ ಕಾಳು ಬೇಯಿಸಿದೆ, ರೊಟ್ಟಿ ತಟ್ಟಿದೆ, ಬೈದುಕೊಂಡೆ.

ಟೀಚರ್ ಹುಟ್ಟಿದ್ದು ಇದೇ ಊರಲ್ಲಿ, ಓದಿದ್ದು ಇದೇ ಶಾಲೆಯಲ್ಲಿ. ಆಗೆಲ್ಲ ತರಗತಿಯಲ್ಲಿ ಸ್ಪ್ಯಾನಿಷ್ ಬಿಟ್ಟು ನಮ್ಮ ಮನೆಮಾತು ಜಪೋತೆಕ್ ಬಾಯಿಂದ ಬಿದ್ದರೆ ಮೇಷ್ಟ್ರು ಬಿಸಿಲಲ್ಲಿ ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು. ಅದೇ ಶಾಲೆಗೆ ಟೀಚರಾಗಿ ಬಂದು ಇಪ್ಪತ್ತೊಂಬತ್ತು ವರ್ಷ ಅದೇ ಮಾತಿನಲ್ಲಿ ಅಕ್ಷರ ಕಲಿಸಿದರು. ಒಳ್ಳೆ ಸೇಡು ತೀರಿಸಿಕೊಂಡಿರಿ ಎಂದು ಪಟ್ಟಣದಿಂದ ಬಂದವರು ಹೊಗಳುತ್ತಿದ್ದರು. ಸೇಡು ತೀರಿಸಿಕೊಳ್ಳುವುದಕ್ಕೆ ಅವರಲ್ಲಿ ತ್ರಾಣ ಎಲ್ಲಿತ್ತು? ಇಲಾಖೆ ಕಳಿಸಿದ ಪುಸ್ತಕ ಕಣಿವೆಯವರ ಜಪೋತೆಕ್‌ನಲ್ಲಿತ್ತು, ನಮ್ಮ ಗುಡ್ಡದ ಜಪೋತೆಕ್ಕೇ ಬೇರೆ, ನಮ್ಮ ಮಕ್ಕಳು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಹಾಗಾಗಿ ಟೀಚರ್ ಊರಿನ ಮುದುಕಿಯರ ಜಗಲಿ ಹತ್ತಿಳಿದು ಕತೆ ಬರೆದುಕೊಂಡು, ಸಿಮೆಂಟ್ ಚೀಲದ ಕಾಗದ ಕತ್ತರಿಸಿ, ದಬ್ಬಳದಲ್ಲಿ ಹೊಲಿದು ತಾವೇ ಪುಸ್ತಕ ಮಾಡಿದರು. ಅದಕ್ಕಾದರೂ ಯಾರು ಭೇಷ್ ಅಂದರು?

"ಇದನ್ನ ಓದಿ ನಮ್ಮ ಹುಡುಗರು ಏನು ಉದ್ಧಾರ ಆಗ್ತಾರೆ ಟೀಚರ್?" ಎಂದು ಒಮ್ಮೆ ನಾನೇ ಚುಚ್ಚಿದ್ದೆ. "ಲಾಸ್ ಏಂಜಲೀಸ್‌ಗೆ ಪಾತ್ರೆ ತೊಳೆಯೋಕೆ ಹೋದ್ರೆ ಸ್ಪ್ಯಾನಿಷ್ಷೂ ಸಾಲಲ್ಲ."

"ಅಜ್ಜಿ ಹತ್ರ ಜಗಳ ಆಡೋಕಾದ್ರೂ ಬೇಕಲ್ಲ ಕಣೇ ನಜಾರಿಯಾ," ಎಂದು ಕಾಫಿ ಲೋಟ ಮುಂದೆ ಚಾಚಿದರು. "ಇನ್ನೊಂಚೂರು ಹಾಕು."

ಇಲಾಖೆಯಿಂದ ನಡತೆಯ ಪಾಠಕ್ಕೂ ಒಂದು ಪಟ ಬಂದಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕೇಳಿದ ತಕ್ಷಣ ಗಟ್ಟಿಯಾಗಿ ಉತ್ತರ ಕೊಡಿ ಅಂತ. ಟೀಚರ್ ಅದನ್ನು ಬಾಗಿಲ ಹಿಂದೆ ತೂಗುಹಾಕಿ, ನಮ್ಮೂರ ನಡತೆಯನ್ನೇ ಕಲಿಸಿದರು. ನಮ್ಮಲ್ಲಿ ಹಿರಿಯರು ಏನಾದರೂ ಕೇಳಿದರೆ ಕಿರಿಯರು ಒಮ್ಮೆಗೇ ಹೇಳಿಬಿಡುವುದಿಲ್ಲ. "ನನಗೇನು ಗೊತ್ತು ತಾತ, ನಿಮಗೇ ಗೊತ್ತು" ಅನ್ನಬೇಕು. ತಾತ ಇನ್ನೊಮ್ಮೆ ಕೇಳುತ್ತಾರೆ. ಮತ್ತೆ ಅದನ್ನೇ ಅನ್ನಬೇಕು. ಮೂರನೆಯ ಸಲ ಕೇಳಿದಾಗ ಮಾತ್ರ, ಸುಳ್ಳು ಸೇರಿಸದೆ, ಗೊತ್ತಿದ್ದಷ್ಟನ್ನೂ ಹೇಳಬೇಕು. ಮೂರನೆಯ ಸಲ ಬಾಯಿ ಮುಚ್ಚಿಕೊಂಡವರನ್ನು ಯಾರೂ ಕ್ಷಮಿಸುವುದಿಲ್ಲ. ಇನ್ನೊಮ್ಮೆ ಕೇಳಿ ಎಂದು ಹಿರಿಯರಿಗೆ ಕಿರಿಯರು ಹೇಳಿಕೊಡುವುದಂತೂ ಅವರ ಮುಖಕ್ಕೆ ಉಗಿದ ಹಾಗೆ.

ಆ ಮಾರ್ಚಿನಲ್ಲಿ ಇಲಾಖೆಯ ಕಾಗದ ಬಂತು. ದಿನಕ್ಕೆ ಒಂದು ಗಂಟೆಯ ಜಪೋತೆಕ್ ಪಾಠ ನಡೆಯಬೇಕಾದರೆ ಶಾಲೆಯ ಒಂಬತ್ತು ಮಕ್ಕಳಲ್ಲಿ ಆರು ಮಕ್ಕಳಿಗೆ ಓದಿ ಅರ್ಥ ಹೇಳುವುದಕ್ಕೆ ಬರಬೇಕು. ಇಲ್ಲದಿದ್ದರೆ ಪಾಠ ರದ್ದು, ಆ ಗಂಟೆ ಕಂಪ್ಯೂಟರಿಗೆ. ನಮ್ಮ ಶಾಲೆಯಲ್ಲಿ ಕಂಪ್ಯೂಟರೇ ಇರಲಿಲ್ಲ, ಅದು ಬೇರೆ ಮಾತು. ಟೀಚರ್ ಕಾಗದವನ್ನು ನನ್ನ ಒಲೆಯ ಪಕ್ಕದಲ್ಲೇ ಕೂತು ಓದಿದರು. "ಇದೊಂದು ಗಂಟೆ ಹೋದ್ರೆ ನಾನು ಇಷ್ಟು ವರ್ಷ ಮೆಟ್ಟಿಲು ಹತ್ತಿದ್ದು ಯಾತಕ್ಕೆ ಅಂತ ನನಗೇ ಗೊತ್ತಾಗಲ್ಲ," ಎಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು.

ಪರೀಕ್ಷೆಗೆ ಒಬ್ಬ ಎಳೆಯ ಇನ್‌ಸ್ಪೆಕ್ಟರ್ ಬಂದ. ಅವನಿಗೆ ನಮ್ಮ ಮಾತು ಬಾರದು, ಅದಕ್ಕೆ ಮಾಕ್ಲೋವಿಯೋ ಎಂಬ ಹಿರಿಯರನ್ನು ಜೊತೆಗೆ ಕರೆತಂದಿದ್ದ. ಅವರು ನಮ್ಮ ಗುಡ್ಡದವರೇ, ಆದರೆ ಆರು ವರ್ಷದ ಹುಡುಗರಾಗಿದ್ದಾಗಲೇ ಒಹಾಕಾ ಪಟ್ಟಣ ಸೇರಿದವರು. ಮಾತು ನೀರಿನಷ್ಟು ತಿಳಿಯಾಗಿತ್ತು, ತಲೆ ಪೂರಾ ಬೆಳ್ಳಗಿತ್ತು. ಅವರನ್ನು ನೋಡಿ ಟೀಚರಿಗೆ ಜೀವ ಬಂದಂತಾಯಿತು. "ನಮ್ಮವರೇ ಕಣೇ, ಇನ್ನು ಭಯ ಇಲ್ಲ," ಎಂದರು. ನಾನೂ ಹಾಗೇ ಅಂದುಕೊಂಡು ಗಂಜಿಗೆ ಒಂದು ತುಂಡು ಬೆಲ್ಲ ಜಾಸ್ತಿ ಹಾಕಿದೆ. ಅಷ್ಟು ಚೆನ್ನಾಗಿ ನಮ್ಮ ಮಾತಾಡುವವರಿಗೆ ನಮ್ಮ ರೀತಿ ಗೊತ್ತಿರಲಿಕ್ಕಿಲ್ಲ ಎಂದು ನಮ್ಮೂರಲ್ಲಿ ಯಾರಿಗೆ ತಾನೇ ಹೊಳೆದೀತು?

ಮಕ್ಕಳು ಒಂದು ಪುಟವನ್ನು ಮನಸ್ಸಿನಲ್ಲೇ ಓದಿಕೊಳ್ಳಬೇಕು, ಆಮೇಲೆ ತಾತನಿಗೆ ಅದರಲ್ಲೇನಿದೆ ಎಂದು ಹೇಳಬೇಕು. ಮೊದಲನೆಯವನು ಓದಿಕೊಂಡ.

"ಇದ್ರಲ್ಲಿ ಏನಿದೆ ಹೇಳಪ್ಪಾ," ಎಂದರು ಹಿರಿಯರು.

ಹುಡುಗ ತಲೆ ಬಗ್ಗಿಸಿದ. "ನನಗೇನು ಗೊತ್ತು ತಾತ, ನಿಮಗೇ ಗೊತ್ತು."

ಅವರು ಪಾಪ ಎಂಬಂತೆ ಅವನ ತಲೆ ಸವರಿದರು. ಇನ್‌ಸ್ಪೆಕ್ಟರ್ ಓದಲು ಬಾರದೆಂದು ಪಟ್ಟಿಯಲ್ಲಿ ಅಡ್ಡಗೆರೆ ಎಳೆದ. ಎರಡನೆಯವನಿಗೂ ಅದೇ ಆಯಿತು, ಮೂರನೆಯವನಿಗೂ ಅದೇ. ನಾನು ಬಾಗಿಲಲ್ಲಿ ನಿಂತು ಗೆರೆ ಎಣಿಸುತ್ತಿದ್ದೆ. ಇನ್ನೊಂದೇ ಗೆರೆ ಬಿದ್ದರೆ ಪಾಠ ಮುಗಿದಂತೆ. ಇನ್ನೆರಡು ಸಲ ಕೇಳಿ ತಾತ ಎಂದು ಒಬ್ಬರು ಅಂದಿದ್ದರೆ ಸಾಕಿತ್ತು. ಊರೆಲ್ಲ ಬಾಯಿಬಡುಕಿ ಅನ್ನುವ ನನ್ನ ನಾಲಿಗೆಯೂ ಏಳಲಿಲ್ಲ. ಟೀಚರ್ ಗೋಡೆ ಹಿಡಿದು ನಿಂತಿದ್ದರು.

ನಾಲ್ಕನೆಯವಳು ಜೆನೈದಾ, ನಮ್ಮ ಪಕ್ಕದ ಮನೆಯವಳು, ಎಲ್ಲರಿಗಿಂತ ಚುರುಕು. ಹಿರಿಯರು ಕೇಳಿದರು. ಅವಳು ತಲೆ ಬಗ್ಗಿಸಿದಳು.

"ಜೆನೈದಾ," ಎಂದರು ಟೀಚರ್. "ಮೊದಲ ಸಲಕ್ಕೇ ಹೇಳಿಬಿಡು. ಎಲ್ಲರೂ ಅಷ್ಟೇ, ಕೇಳಿದ ತಕ್ಷಣ ಹೇಳಿ."

ಮಕ್ಕಳು ಅವರನ್ನೇ ನೋಡಿದವು. ಜೆನೈದಾಳ ಕಿವಿ ಕೆಂಪಾಯಿತು. ಆಮೇಲೆ ಅವಳು ಪುಟದಲ್ಲಿದ್ದ ಕತೆಯನ್ನು ಒಂದೇ ಉಸಿರಿಗೆ ಹೇಳಿದಳು. ಉಳಿದ ಐದೂ ಮಕ್ಕಳು ಹೇಳಿದವು. ಪಾಠ ಉಳಿಯಿತು, ಹದಿನೈದು ದಿನಕ್ಕೆ ಮೊಹರು ಹಾಕಿದ ಕಾಗದವೂ ಬಂತು.

"ಮಕ್ಕಳಿಗೆ ಯಾಕೆ ಹೇಳಿದ್ರಿ? ಆ ಮುದುಕಪ್ಪನಿಗೇ ಹೇಳಬೇಕಿತ್ತು," ಎಂದು ನಾನು ಜಗಳ ತೆಗೆದೆ.

"ಅವರಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ನಾನೂ ಇದೇ ಊರಲ್ಲಿ ಬೆಳೆದವಳು. ನನ್ನ ಮರ್ಯಾದೆ ಉಳಿಸ್ಕೊಂಡು ಮಕ್ಕಳದ್ದು ಕೊಟ್ಟುಬಿಟ್ಟೆ." ಹಾಗೆಂದು ಬೋರ್ಡು ಒರೆಸಿದರು.

ಜೂನಿನಲ್ಲಿ ಒಂದು ದಿನ ನನ್ನಪ್ಪ ಜಗಲಿಯಲ್ಲಿ ಕೂತಿದ್ದರು. ಎಂಬತ್ತರ ಮುದುಕ, ಹಾದಿಯಲ್ಲಿ ಹೋಗುವವರೇ ಅವರಿಗೆ ಹೊತ್ತು ಕಳೆಯುವ ದಾರಿ. ಜೆನೈದಾ ಬಂದಳು.

"ನಮ್ಮ ಹೊಲಕ್ಕೆ ನುಗ್ಗಿದ ಹೇಸರಗತ್ತೆ ಯಾರದು ಮಗಾ?" ಎಂದರು ಅಪ್ಪ.

"ಪೌಲಿನೋ ಮಾಮಂದು ತಾತ," ಎಂದು ಹೇಳಿ ಅವಳು ಹೊರಟೇ ಹೋದಳು. ಎರಡನೆಯ ಸಲ ಕೇಳಲು ಬಾಯಿ ತೆರೆದಿದ್ದ ಅಪ್ಪ ಹಾಗೇ ಉಳಿದರು. ನನ್ನ ಕಡೆ ತಿರುಗಿ ಏನೋ ಅಂದು ಒಳಗೆ ಹೋಗಿ ಮಲಗಿಬಿಟ್ಟರು.

ಮರುದಿನ ಕಾಫಿ ಕೊಡುವಾಗ ಟೀಚರಿಗೆ ಇದನ್ನು ಹೇಳಿದೆ. ಹೇಳಬಾರದಿತ್ತು.

"ನಮ್ಮ ಮಾತಲ್ಲೇ ಹೇಳಿದ್ಲಾ?"

"ಹೂಂ. ಒಂದಕ್ಷರ ತಪ್ಪಿಲ್ಲ."

ಅವರು ಒಂದು ಗುಟುಕು ಕುಡಿದರು. "ನಿಮ್ಮಪ್ಪ ಏನಂದ್ರು?"

"ನನಗೇನು ಗೊತ್ತು ಟೀಚರ್, ನಿಮಗೇ ಗೊತ್ತು."

"ನಿಮ್ಮಪ್ಪ ಏನಂದ್ರು ನಜಾರಿಯಾ?"

"ನನಗೇನು ಗೊತ್ತು ಟೀಚರ್."

ಅಷ್ಟಕ್ಕೇ ಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಬಿಡಲಿಲ್ಲ, ಮೂರನೆಯ ಸಲವೂ ಕೇಳಿದರು.

"ಈಗೀಗ ಮಕ್ಕಳಿಗೂ ನನ್ನ ಹತ್ರ ನಿಂತು ಮಾತಾಡೋಕೆ ಪುರುಸೊತ್ತಿಲ್ಲ ಅಂದ್ರು," ಎಂದೆ.

ಟೀಚರ್ ಲೋಟ ಕೆಳಗಿಟ್ಟರು. ಬರಿಗೈಯಿಂದಲೇ ಕಣ್ಣೊರೆಸಿಕೊಂಡು, ಗಂಟೆ ಬಾರಿಸಿ ಜಪೋತೆಕ್ ಪಾಠಕ್ಕೆ ಹೋದರು.