ಮನೆಗೊಬ್ಬರು ಹೋದರೆ ಸಾಕು

ರೇಷನ್ನಿಗೆ ಮನೆಯಿಂದ ಒಬ್ಬರು ಹೋಗಿ ಹೆಬ್ಬೆಟ್ಟು ಒತ್ತಿದರೆ ಇಡೀ ಮನೆಯ ಅಕ್ಕಿ ಬರುತ್ತದೆ. ಆರೋಗ್ಯ ಕೇಂದ್ರದಲ್ಲಿ ಕ್ಯಾನ್ಸರ್ ತಪಾಸಣೆ, ಮೂವತ್ತು ದಾಟಿದವರೆಲ್ಲ ಬನ್ನಿ ಎಂದು ಆಶಾ ಕಾರ್ಯಕರ್ತೆ ಹೇಳಿಹೋದಾಗ, ಕರ್ಕಿಯ ನಮ್ಮ ಕೇರಿಯ ಗಂಡಸರು ಇದೂ ಹಾಗೇ ಎಂದುಕೊಂಡೆವು. ಹೆಂಡಂದಿರನ್ನು ಕಳಿಸಿ ದಂಡೆಯಲ್ಲಿ ಬಲೆ ಸರಿಮಾಡುತ್ತ ಕೂತೆವು. ನಾನು ಮಹಾ ಬುದ್ಧಿವಂತ, ನನ್ನ ಆಧಾರ್ ಕಾರ್ಡನ್ನೂ ಹೆಂಡತಿಯ ಕೈಗೆ ಕೊಟ್ಟಿದ್ದೆ.

ಮಧ್ಯಾಹ್ನ ಅವಳು ಕಾರ್ಡು ವಾಪಸು ತಂದಳು. "ಕಾರ್ಡು ಬಂತು, ಬಾಯಿ ಎಲ್ಲಿ ಅಂತ ಕೇಳಿದ್ರು ಸಿಸ್ಟರು."

"ಬಾಯಿ ಎಂತಕ್ಕೆ?"

"ಎಲೆಯಡಿಕೆ, ತಂಬಾಕು ಅಂತ ಕವಳ ಹಾಕುವವ್ರ ಬಾಯಿ ನೋಡ್ಬೇಕಂತೆ."

"ನೀ ದಿನಾ ನೋಡ್ತೆ ಅಲ್ಲ, ಹೇಳಿ ಬರೂಕೆ ಆಗ್ಲಿಲ್ವಾ?"

"ಹೇಳ್ದೆ. ಸಾರು ಖಾರ ಅಂತ ಬೈತಾರೆ, ದೋಸೆ ಚೂರು ಚೂರು ಮಾಡಿ ತಿಂತಾರೆ, ಎಲ್ಲ ಹೇಳ್ದೆ."

ಮನೆಯ ಮಾತು ಊರಿಗೆ ಹಾಕಿದಳು ಎಂದು ಸಿಟ್ಟು ಬಂತು.

ಮರುದಿನ ಸಿಸ್ಟರು ದಂಡೆಗೇ ಬಂದರು. "ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಿ, ಮೂರೂ ಹಿಡೀಬೇಕು" ಎಂದರು. "ಬಾಯಿ ಬಿಟ್ರೆ ಬಣ್ಣಗೇಡು" ಎಂದ ನಮ್ಮ ಬೋಟು ನಡೆಸುವ ತಂಡೇಲನೇ ಮೊದಲು ಇಟ್ಟ. ಹನ್ನೆರಡು ಗಂಡಸರು ಬಾಯಿಗೆ ಬೆರಳಿಟ್ಟು ಮಾತಿಲ್ಲದೆ ಕೂತದ್ದು ನೋಡಿ ನಾಯಿಯೊಂದು ಬೊಗಳಿತು. ನನಗೆ ಒಂದೂವರೆ ಬೆರಳು ಮಾತ್ರ ಹಿಡಿಯಿತು. ನಾಟಕ ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಸಿಸ್ಟರು ನಗಲಿಲ್ಲ, ಹೊನ್ನಾವರದ ಆಸ್ಪತ್ರೆಗೆ ಚೀಟಿ ಬರೆದರು.

ಹೊನ್ನಾವರದ ಡಾಕ್ಟರು ಬಾಯೊಳಗಿನ ಚರ್ಮ ಬಿಗಿದಿದೆ, ಸದ್ಯ ಕ್ಯಾನ್ಸರ್ ಅಲ್ಲ, ಕವಳ ಗುಟ್ಕಾ ಎರಡೂ ಬಿಡಬೇಕು ಎಂದರು. ಗೆದ್ದು ಬಂದವನ ಹಾಗೆ ಸಿಸ್ಟರಿಗೆ ಹೇಳಲು ಹೋದೆ. ಅವರು ರಿಜಿಸ್ಟರ್ ತೆರೆದು ನನ್ನ ಹೆಂಡತಿಯ ಸಾಲು ತೋರಿಸಿದರು. ಖಾಲಿ.

"ಮೂರು ಸಲ ಬಂದ್ರು. ಮೂರು ಸಲನೂ ನಿಮ್ಮ ಬಾಯಿದೇ ಸುದ್ದಿ. ಅವ್ರನ್ನ ಒಳಗೆ ಕರೆದ್ರೆ ಅಡುಗೆ ಆಗ್ಬೇಕು ಅಂತ ಓಡ್ತಾರೆ."

ಮನೆಗೆ ಬಂದಾಗ ಅವಳು ಬಂಗಡೆ ಕೊಯ್ಯುತ್ತಿದ್ದಳು. ಯಾಕೆ ತೋರಿಸಲಿಲ್ಲ ಎಂದು ಜೋರಾಗಿಯೇ ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಎದೇಲಿ ಒಂದು ಗಂಟು ಇದೆ. ನಿಮ್ದೊಂದು ಆಗ್ಲಿ, ಆಮೇಲೆ ಅಂತ ಬಿಟ್ಟೆ."

ನನ್ನ ಜೋರೆಲ್ಲ ಇಳಿದುಹೋಯಿತು. ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಯಾವಾಗಿಂದ ಎಂದು ಕೇಳಿದೆ.

"ಮಳೆಗಾಲಕ್ಕೆ ಬೋಟು ಬಂದ್ ಆದಾಗಿಂದ."

ಎರಡು ತಿಂಗಳ ಬಂದ್ ಮುಗಿದು ಬೋಟು ಮತ್ತೆ ಕಡಲಿಗೆ ಇಳಿದೇ ನಾಲ್ಕು ತಿಂಗಳಾಗಿತ್ತು.